ಪಾಠದ ನಡುವೆ ಇಳಿದ ಹಸಿರು ಸೀರೆ

ದಬದಬನೆ ಬಾಗಿಲು ಬಡಿದ ಸದ್ದಿಗೆ ವಾಗೀಶ ಮಾಸ್ತರನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. ಹೊರಗೆ ಕತ್ತಲು. ತೆರೆದರೆ ಸಹೋದ್ಯೋಗಿ ಲಕ್ಷ್ಮಿಕಾಂತ್! ಒಳಬಂದವನೇ ಮೊಬೈಲನ್ನು ವಾಗೀಶನ ಮೂಗಿಗೆ ಹಿಡಿದ.

ಅದು ಅಂದು ಮಧ್ಯಾಹ್ನ ವಾಗೀಶನೇ ಏಳನೇ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದ ವಿಡಿಯೊ ಪಾಠ. ಮೊಬೈಲಿನ ಪರದೆಯ ಮೇಲೆ ನಕಾಶೆ ಬಿಡಿಸುತ್ತ, ವಿವರಿಸುತ್ತ, ಪರದೆಯನ್ನೇ ರೆಕಾರ್ಡ್ ಮಾಡಿದ್ದ. ತುಂಗಭದ್ರೆ ನೀಲಿ ಗೆರೆಯಾಗಿ ಮಾಧವರಂ ಊರನ್ನು ತಲುಪುವಷ್ಟರಲ್ಲಿ ಪರದೆಯ ನೆತ್ತಿಯಿಂದ ಒಂದು ಸಂದೇಶ ಇಳಿಯಿತು: ‘ನಾಳೆ ಸಂಜಿಗೆ ಬಸ್‌ಸ್ಟ್ಯಾಂಡಿಗೆ ಬರ್ರಿ. ಹಸಿರು ಸೀರಿ ಉಟ್ಟಿರ್ತೀನಿ. ನಿಮ್ಮಾಕಿ.’

ನದಿಯ ಮೇಲೆಯೇ ಕಣ್ಣು ನೆಟ್ಟಿದ್ದ ವಾಗೀಶ ಅದನ್ನು ಕಂಡಿರಲಿಲ್ಲ. ರೆಕಾರ್ಡಿಂಗು ಕಂಡಿತ್ತು.

“ಯಾರು ಸಾರ್ ಈಕಿ?”

“ದೇವರಾಣೆ ಗೊತ್ತಿಲ್ಲಪಾ! ನಂಬರೂ ಹೊಸಾದು!”

ಶುಕ್ರವಾರ ಆದೋನಿಯ ಹತ್ತಿ ವ್ಯಾಪಾರಿಗಳ ಮನೆಯ ಗಂಗೋತ್ರಿಯೊಡನೆ ಅವನ ನಿಶ್ಚಿತಾರ್ಥ. ಹುಡುಗಿಯ ತಾಯಿ ಮಹಾಂತಮ್ಮ ಒಪ್ಪಿದ್ದೇ ದೊಡ್ಡ ಪವಾಡ. ಈ ಸುದ್ದಿ ಅವರ ಕಿವಿಗೆ ಬಿದ್ದರೆ ಮದುವೆ ಮುರಿದಂತೆಯೇ! ಗಾಬರಿಯಿಂದ ಪಾಠವನ್ನು ಅಳಿಸಿದ. ಅಷ್ಟರಲ್ಲಿ ಅದು ಊರೆಲ್ಲ ಸುತ್ತಿ ಮುಗಿಸಿತ್ತು.

ಮರುದಿನ ತರಗತಿಯಲ್ಲಿ ಕೇಳಿದ: “ನಿನ್ನೆಯ ಪಾಠದಲ್ಲಿ ಏನು ಕಲಿತಿರಿ?”

“ಹಸಿರು ಸೀರಿ, ಸಾರ್!” ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

ಬಿಸಿಯೂಟದ ಲಿಂಗಕ್ಕ ಸೌಟು ಹಿಡಿದೇ ಓಡಿಬಂದಳು. “ಮಾಸ್ತರ್ರಾ, ಗಿಳಿ ಹಸಿರೋ, ಬೇವಿನೆಲಿ ಹಸಿರೋ? ನಮ್ಮ ಓಣ್ಯಾಗಿನೋರು ಆಗ್ಲೇ ಬಸ್‌ಸ್ಟ್ಯಾಂಡಿನ್ಯಾಗ ಜಾಗ ಹಿಡದಾರ!”

“ಯವ್ವಾ, ನಾ ಹೋಗಾಂಗಿಲ್ಲ!”

“ಅಯ್ಯ, ಪಾಪ! ಆಕಿ ಕಾಯ್ತಾಳಲ್ರೀ!”

ಗಂಗೋತ್ರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಸಂದೇಶ ಬಂದ ನಂಬರೂ ಸ್ವಿಚ್ ಆಫ್. ವಾಗೀಶನ ಎದೆ ಎಮ್ಮಿಗನೂರಿನ ಮಗ್ಗದಂತೆ ಲಟಪಟ ಬಡಿಯತೊಡಗಿತು.

“ಒಂದಾ ದಾರಿ ಸಾರ್,” ಲಕ್ಷ್ಮಿಕಾಂತ್ ಉತ್ಸಾಹದಿಂದ ಉಬ್ಬಿದ. “ಹೋಗಿ ಆಕಿನ್ನ ಹಿಡೀರಿ. ಆಕಿ ತಪ್ಪೊಪ್ಪಿಕೊಳ್ಳೋದನ್ನ ನಾ ರೆಕಾರ್ಡ್ ಮಾಡ್ತೀನಿ. ಅದ ಗುಂಪಿಗೆ ಹಾಕಿಬಿಡೋಣ. ಚಾಲಾ ಬಾಗುಂಟುಂದಿ, ಭಾಳ ಚಲೋ ಇರ್ತದ!”

ಸಂಜೆಯ ಬಸ್‌ಸ್ಟ್ಯಾಂಡು ಸಂತೆಯಂತೆ ತುಂಬಿತ್ತು. ಬೇವಿನ ಮರದಡಿ, ಬೆನ್ನು ತಿರುಗಿಸಿ, ತಲೆತುಂಬ ಸೆರಗು ಹೊದ್ದು, ಹಸಿರು ಸೀರೆ ನಿಂತಿತ್ತು! ಗುಂಪು ಮುಂದಕ್ಕೆ ನುಗ್ಗಿತು. ಲಕ್ಷ್ಮಿಕಾಂತ್ ಮೊಬೈಲ್ ಎತ್ತಿದ. ವಾಗೀಶ ಇದ್ದಬದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡ.

“ನಾ ಬಂದೀನಿ! ಈ ಕಡೆ ತಿರುಗು!”

“ಬಂದ್ರಾ?” ಸೆರಗಿನೊಳಗಿಂದ ತಣ್ಣನೆಯ ದನಿ. “ಗುರ್ತಿಲ್ಲದಾಕಿ ಕರದ್ರ ಬರ್ತೀರೋ ಇಲ್ಲೋ, ಅಷ್ಟಾ ನೋಡಬೇಕಿತ್ತು. ಜೋಡಿಗೆ ಗೆಳೆಯನ್ನೂ ಕರಕೊಂಡು ಬಂದೀರಿ! ಹತ್ತೀನಾ ಎಳಿ ಜಗ್ಗಿ ನೋಡದ ಕೊಳ್ಳಾಂಗಿಲ್ಲ ನಾವು. ಅಳಿಯನ್ನ ಹಂಗಾ ತಗೋತೀವೇನು? ಶುಕ್ರವಾರದ ಮಾತು ಮರತುಬಿಡ್ರಿ.”

ಸೆರಗು ಸರಿಯಿತು.

ಮಹಾಂತಮ್ಮ!