ಇಂಡಿಯ ಸಮುದ್ರಕ್ಕೆ ಸನ್ಯಾಸಿಗಳ ನೇಮಕ

ಇಲ್ಲ, ಗಾಜಿನ ತೊಟ್ಟಿ ಮನೆಗೆ ಬಂದ ದಿನ ಕಸ್ತೂರಿ ಎದ್ದು ಕೂತಿರಲಿಲ್ಲ. ಕೂತಿದ್ದಳು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ಕಣ್ಣಿಗೆ ಕಟ್ಟಿಬಿಟ್ಟಿದೆ: ಬೆನ್ನಿಗೆ ಎರಡು ದಿಂಬು, ಎದೆಯವರೆಗೆ ಕೌದಿ. ಆದರೆ ಆಗ ಆಕೆಗೆ ಕೂರುವ ಶಕ್ತಿಯೇ ಇರಲಿಲ್ಲವಲ್ಲ! ದಿಂಬುಗಳನ್ನು ನೆನಪಿನೊಳಗೆ ಆಮೇಲೆ ನಾನೇ ಇಟ್ಟಿರಬೇಕು. ಆದ್ದರಿಂದ ಮುಂದಿನದನ್ನು ತುಸು ಹುಷಾರಾಗಿ ಓದಬೇಕೆಂದು ಸವಿನಯ ಕೋರುತ್ತೇನೆ.

ಅನುಮಾನವಿಲ್ಲದ ಸಂಗತಿಗಳು ಕಡಿಮೆ. ಕಸ್ತೂರಿ ನನ್ನ ಹೆಂಡತಿ. ಆಸ್ಪತ್ರೆಯವರು ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಎಂದು ಕಳಿಸಿದ ಮೇಲೆ ಆಕೆ ಪಡಸಾಲೆಯ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಸುಣ್ಣವೂ ನೆಟ್ಟಗಿರಲಿಲ್ಲ. ಮಾತಾಡಿಸಿದರೆ ಹೂಂ, ಗಂಜಿ ತಂದರೆ ಉಹೂಂ. ಆಕೆಯನ್ನು ಇತ್ತ ತಿರುಗಿಸುವುದು ಹೇಗೆ? ನನಗಿದ್ದ ಕೆಲಸ ಅದೊಂದೇ.

ಆಗಲೇ ಸಿಂದಗಿಯ ಹಲ್ಲಿನ ಡಾಕ್ಟರೊಬ್ಬರು ಊರು ಬಿಡುತ್ತ, ತಮ್ಮ ದವಾಖಾನೆಯಲ್ಲಿದ್ದ ಸಮುದ್ರದ ನೀರಿನ ತೊಟ್ಟಿಯನ್ನು ಯಾರಾದರೂ ಒಯ್ಯಿರಿ ಎಂದರು. ಕಸ್ತೂರಿ ಸಮುದ್ರ ನೋಡಿದವಳಲ್ಲ. ನಮ್ಮೂರು ಇಂಡಿಯಿಂದ ಸಮುದ್ರಕ್ಕೆ ಹೋಗುವ ಸ್ಥಿತಿಯೂ ಆಕೆಯದಲ್ಲ. ಹಾಗಾದರೆ ಸಮುದ್ರವೇ ಬರಲಿ! ಎರಡು ಕಿತ್ತಳೆ ಮೀನು, ಒಂದು ಕಡಲ ಕಲ್ಲು, ಅದರ ಮೇಲೆ ಹೂವಿನಂತೆ ತೂಗುವ ಹವಳ, ಅಡಿಕೆ ಗಾತ್ರದ ಒಂದು ಬಸವನಹುಳ. ಎಲ್ಲವನ್ನೂ ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಬಂದೆ. ದಾರಿಯ ಗುಂಡಿಗಳಿಗೆ ಅರ್ಧ ಸಮುದ್ರವನ್ನು ಅರ್ಪಿಸಲಾಯಿತು.

ಪಕ್ಕದ ಮನೆಯ ಲಿಂಬೆ ವ್ಯಾಪಾರಿ ಶಿವಪ್ಪ ಬಂದು ನೋಡಿದ.

“ಇದಕ್ಕ ಉಪ್ಪನೀರ ಬೇಕೇನ್ರಿ ಸಾಹೇಬ್ರ? ನಮ್ಮ ಬೋರಿಗೆ ಪೈಪ ಹಚ್ರಿ. ಆ ನೀರ ಕುಡದು ಕುಡದು ನನ್ನ ಎಮ್ಮಿ ಅರ್ಧ ಮೀನ ಆಗೇತಿ!”

ಮಂಚದಿಂದ ಏನೋ ಸದ್ದು ಬಂತು. ತಿರುಗಿ ನೋಡಿದರೆ ಕಸ್ತೂರಿ ಗೋಡೆ ಬಿಟ್ಟು ಇತ್ತ ಹೊರಳಿದ್ದಳು.

“ಆ ಗುಂಡಂದು ಏನ್ರಿ ಅದು?”

“ಸಮುದ್ರದ ಬಸವನಹುಳ.”

“ಥೇಟ ನಮ್ಮ ನಿಂಗವ್ವಾಯಿ.”

ನಿಂಗವ್ವಾಯಿ ಎಂದರೆ ಬಸವನ ಬಾಗೇವಾಡಿಯಲ್ಲಿದ್ದ ಆಕೆಯ ಅಜ್ಜಿ. ಮುಂಜಾನೆ ಮನೆಯಿಂದ ಹೊರಟರೆ ಮಧ್ಯಾಹ್ನಕ್ಕೆ ಹೊಸ್ತಿಲು ದಾಟುವಷ್ಟು ಚುರುಕು. ಅಂದಿನಿಂದ ಹುಳಕ್ಕೆ ಅದೇ ಹೆಸರಾಯಿತು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕಸ್ತೂರಿ ಕೇಳುವಳು, “ನಿಂಗವ್ವಾಯಿ ಎಲ್ಲಿಗೆ ಬಂದ್ಲ್ರಿ?” “ಕಲ್ಲಿನ ಎಡಕ್ಕ ಅದಾಳ.” “ನಿನ್ನೆನೂ ಅಲ್ಲೇ ಇದ್ಲು, ಮುದುಕಿ!” ಆಮೇಲೆ ನಾಲ್ಕು ಚಮಚ ಗಂಜಿ ಒಳಗೆ ಹೋಗುವುದು.

ನಾನು ಇಷ್ಟಕ್ಕೆ ಸುಮ್ಮನಿದ್ದರೆ ಈ ಬರಹವಿರುತ್ತಿರಲಿಲ್ಲ. ಸಮುದ್ರ ಇನ್ನಷ್ಟು ಹೊಳೆಯಲೆಂದು ತೊಟ್ಟಿಯನ್ನು ಕಿಟಕಿಯ ಬಿಸಿಲಿಗೆ ಸರಿಸಿದೆ. ಹೊಳೆಯಲಿಲ್ಲ. ಪಾಚಿ ಬೆಳೆಯಿತು! ಗಾಜು, ಕಲ್ಲು, ಮರಳು ಎಲ್ಲ ಹಸಿರು. ಹವಳದ ಹೂವಿನ ಮೇಲೆ ಹಸಿರು ಗಡ್ಡ. ನಿಂಗವ್ವಾಯಿ ಒಬ್ಬಳೇ ಊರೆಲ್ಲ ಮೇಯಬೇಕಾಯಿತು.

“ಏನೂ ಕಾಣವಲ್ದ್ರಿ” ಎಂದು ಕಸ್ತೂರಿ ಮತ್ತೆ ಗೋಡೆಯ ಕಡೆ ತಿರುಗಿದಳು.

ಶಿವಪ್ಪ ತನಗೆ ಗೊತ್ತಿದ್ದ ಏಕೈಕ ಪರಿಹಾರವನ್ನು ಬುಟ್ಟಿಯ ಸಮೇತ ತಂದ. “ಲಿಂಬಿಹಣ್ಣ ಹಚ್ಚಿ ತಿಕ್ರಿ. ತಾಮ್ರದ ಕೊಡಾನ ಹೊಳೀತೈತಿ, ಇದೇನ್ ಮಹಾ!” ನಾನು ಮೊಳಕೈವರೆಗೆ ಕೈ ಇಳಿಸಿ ತಿಕ್ಕಿದೆ. ಮೀನುಗಳು ಕಲ್ಲಿನ ಹಿಂದೆ ಹೋಗಿ ಕೂತವು, ಎರಡು ದಿನ ನನ್ನ ಮುಖ ನೋಡಲಿಲ್ಲ. ಪಾಚಿ ಇದ್ದಲ್ಲೇ ಇತ್ತು, ರುಚಿ ಹೆಚ್ಚಿರಬಹುದು.

ಕೊನೆಗೆ ಸೊಲ್ಲಾಪುರದ ಮೀನಿನ ಅಂಗಡಿಗೆ ಹೋದೆ. ಅಲ್ಲಿ ತೋರಿಸಿದ್ದೇ ಹರ್ಮಿಟ್ ಏಡಿ, ಅಂದರೆ ಸನ್ಯಾಸಿ ಏಡಿ. ಬೆನ್ನು ಮೆತ್ತಗೆ, ಸತ್ತ ಬಸವನಹುಳದ ಖಾಲಿ ಚಿಪ್ಪು ಸಿಕ್ಕರೆ ಅದರೊಳಗೆ ಹೊಕ್ಕು ಬದುಕುವ ಪ್ರಾಣಿ. ಪಾಚಿ ತಿನ್ನುತ್ತದೆ. ಸನ್ಯಾಸಿ, ಸಸ್ಯಾಹಾರಿ, ಸ್ವಂತ ಮನೆಯಿಲ್ಲ! ತಹಶೀಲ್ದಾರ ಕಚೇರಿಯ ಗುಮಾಸ್ತನಾದ ನಾನು ಇದಕ್ಕಿಂತ ಯೋಗ್ಯ ಅಭ್ಯರ್ಥಿಯನ್ನು ಎಲ್ಲಿ ಹುಡುಕಲಿ?

ಎರಡು ಜಾತಿಗಳಿದ್ದವು. ಕೆಂಪು ಕಾಲಿನವು ಊಟದ ನಂತರದ ನಮ್ಮ ಕಚೇರಿಯ ಹಾಗೆ ಸುಮ್ಮನೆ ಕೂತಿದ್ದವು. ನೀಲಿ ಕಾಲಿನವು ಒಂದರ ಮೇಲೊಂದು ಹತ್ತಿ, ಉರುಳಿ, ಮತ್ತೆ ಹತ್ತುತ್ತಿದ್ದವು. ಏನು ಉತ್ಸಾಹ! ಇಂಥ ಸಿಬ್ಬಂದಿಯನ್ನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ನೀಲಿಯವನ್ನೇ ನೇಮಿಸಿಕೊಂಡೆ. ಅದು ಉತ್ಸಾಹವಲ್ಲ, ಒಂದು ಇನ್ನೊಂದರ ಚಿಪ್ಪು ಕಿತ್ತುಕೊಳ್ಳಲು ನೋಡುತ್ತಿತ್ತು ಎಂಬುದು ತಡವಾಗಿ ತಿಳಿಯಿತು.

ಅಂಗಡಿಯ ಹೆಂಗಸು ಫೋನಿನಲ್ಲಿ ಮರಾಠಿ ಮಾತಾಡುತ್ತಲೇ ನನ್ನತ್ತ ಕನ್ನಡದಲ್ಲಿ ಕೇಳಿದರು, “ಖಾಲಿ ಚಿಪ್ಪ ಅದಾವೇನ್ರಿ ಮನ್ಯಾಗ? ಬೆಳದಂಗ ಮನಿ ಬದ್ಲಿ ಮಾಡ್ತಾವ.”

“ಬೇಕಾದಷ್ಟ ಅದಾವ್ರಿ” ಎಂದೆ.

ನಮ್ಮ ಕಡೆಯವರಿಗೆ ಸಮುದ್ರದ ಚಿಪ್ಪು ಎಂದರೆ ಒಂದೇ, ಕವಡೆ. ಕಸ್ತೂರಿಯ ಟ್ರಂಕಿನಲ್ಲಿ ಒಂದು ಚೀಲ ತುಂಬ ಇದ್ದವು. ಪಂಚಮಿ ಬಂದರೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಚೌಕಾಬಾರ ಹಾಕಿ ಕೂರುತ್ತಿದ್ದರು. ಗೆದ್ದಾಗಲೆಲ್ಲ ಕಸ್ತೂರಿ ಕವಡೆಗಳನ್ನು ಅಂಗೈಯಲ್ಲಿ ಗಲಗಲ ಅನ್ನಿಸುತ್ತಿದ್ದಳು.

“ತಗೋರಿ. ಇನ್ನ ಯಾರ ಆಡೋರ ಅದಾರ?” ಎಂದಳು, ಗೋಡೆಗೆ.

ಕವಡೆಗಳನ್ನು ಬಿಸಿನೀರಲ್ಲಿ ತೊಳೆದು, ಮರಳಿನ ಮೇಲೆ ಸಾಲಾಗಿ ಇಟ್ಟೆ. ಆಶ್ರಯ ಮನೆಗಳ ಅರ್ಜಿ ನೋಡಿ ಪಳಗಿದ ಕೈ, ಸಾಲು ಎಷ್ಟು ನೇರ ಬಂತು! ಏಡಿಗಳು ಒಂದೊಂದಾಗಿ ಬಂದವು. ಕವಡೆಯ ಸೀಳಿನೊಳಗೆ ಕೊಂಡಿ ತೂರಿದವು, ಸುತ್ತ ಹೊರಳಿಸಿ ನೋಡಿದವು, ಹೋದವು. ಸನ್ಯಾಸಿಗಳಲ್ಲವೆ, ಮನೆ ಒಲ್ಲವು ಎಂದುಕೊಂಡೆ. ಕವಡೆಯ ಬಾಯಿ ಒಂದು ಗೆರೆಯಷ್ಟು ಸಣ್ಣದು, ಅದರಲ್ಲಿ ಏಡಿ ಹೊಗಲಾರದು ಎಂಬುದು ಹೊಳೆಯಲಿಲ್ಲ. ಫಲಾನುಭವಿಗಳಿಗೆ ನಾನು ಕೊಟ್ಟ ಮನೆಗಳಿಗೆ ಬಾಗಿಲೇ ಇರಲಿಲ್ಲ!

ಕೆಲಸವನ್ನೇನೋ ಅವು ಅಚ್ಚುಕಟ್ಟಾಗಿ ಮಾಡಿದವು. ತೊಟ್ಟಿಯನ್ನು ಬಿಸಿಲಿನಿಂದ ಸರಿಸಿ ಗಾಜನ್ನು ನಾನು ಒರೆಸಿದೆ. ಕಲ್ಲು, ಮರಳು, ಹವಳದ ಗಡ್ಡ ಅವುಗಳ ಪಾಲು. ಕೆಲವೇ ದಿನಗಳಲ್ಲಿ ಸಮುದ್ರ ತಿಳಿಯಾಯಿತು. ಕಸ್ತೂರಿ ಹೊರಳಿದಳು. ಕರೆಂಟು ಹೋದಾಗ ಇನ್ವರ್ಟರ್ ತೊಟ್ಟಿಗೆ, ನನಗೆ ರಟ್ಟಿನ ಬೀಸಣಿಗೆ. ಆ ದಿನಗಳಲ್ಲಿ ನಾನು ಬಹಳ ಬೀಗಿದೆ.

ಒಂದು ಬೆಳಿಗ್ಗೆ ಆಕೆ ನಾನು ಅಲ್ಲಿಯವರೆಗೆ ಕೇಳದಂಥ ದನಿಯಲ್ಲಿ ಕರೆದಳು.

“ಏನ್ರಿ! ಲಗೂನ ಬರ್ರಿ! ನಿಂಗವ್ವಾಯಿ ಓಡಾಕತ್ತಾಳ!”

ಓಡಿ ಬಂದೆ. ಶಿವಪ್ಪನೂ ಕಟ್ಟೆಯಿಂದ ಇಣುಕಿದ. ನಿಜ! ನಿಂಗವ್ವಾಯಿ ಮರಳಿನ ಮೇಲೆ ಆ ತುದಿಯಿಂದ ಈ ತುದಿಗೆ ದಡದಡ ಓಡುತ್ತಿದ್ದಳು. ಕಲ್ಲು ಹತ್ತಿದಳು, ಬಿದ್ದಳು, ಎದ್ದು ಮತ್ತೆ ಓಡಿದಳು. ನಾನು ಬಗ್ಗಿ ನೋಡಿದೆ. ಚಿಪ್ಪಿನ ಕೆಳಗೆ ನೀಲಿ ಕಾಲುಗಳು.

ದೊಡ್ಡ ಸನ್ಯಾಸಿ ಹಳೆಯ ಮನೆ ಸಾಲದೆ ನಿಂಗವ್ವಾಯಿಯನ್ನು ಎಳೆದು ತೆಗೆದು, ತಿಂದು, ಅವಳ ಚಿಪ್ಪು ಹೊಕ್ಕಿತ್ತು. ಸಸ್ಯಾಹಾರಿ!

“ವೈನಿ, ಅದು ನಿಂಗವ್ವಾಯಿ ಎಲ್ಲೈತ್ರಿ, ಅದರಾಗ...” ಎಂದು ಶಿವಪ್ಪ ಬಾಯಿ ತೆರೆದ. ನಾನು ಅವನ ಪಾದವನ್ನು ಬಲವಾಗಿ ತುಳಿದೆ.

“ಅಯ್ಯಯ್ಯೋ! ಅದರಾಗ... ಅದರಾಗ ಏನಂತೇನಿ ಅಂದ್ರ ವೈನಿ, ನೀರ ತಿಳಿ ಆತಲ್ರಿ, ಮುದುಕಿಗೆ ಹರೇ ಬಂದೈತಿ!”

ಕಸ್ತೂರಿ ನಕ್ಕಳು. ನಕ್ಕಳು ಎಂದು ನಾನು ಬರೆದಿದ್ದೇನೆ. ಶಿವಪ್ಪ ಅದು ಕೆಮ್ಮು ಎನ್ನುತ್ತಾನೆ. ಇಬ್ಬರೂ ಅಲ್ಲೇ ಇದ್ದೆವು.

ಆ ದಿನ ಆಕೆ ನುಚ್ಚು ಮಜ್ಜಿಗೆ ಕೇಳಿ ಉಂಡಳು. ಮರುದಿನ ನಾನು ಸೊಲ್ಲಾಪುರಕ್ಕೆ ಹೋಗಿ ಅಂಥದೇ ಹುಳ ತರಬೇಕೆಂದುಕೊಂಡೆ, ಹೋಗಲಿಲ್ಲ. ತಂದಿದ್ದರೆ ಆಕೆ ಮೆಲ್ಲಗೆ ಹರಿಯುವ ಅದನ್ನು ನೋಡಿ ಏನೆಂದುಕೊಳ್ಳುತ್ತಿದ್ದಳು? ಆಮೇಲೆ ದಿನವೂ ಪ್ರಶ್ನೆ ಅದೇ, ಉತ್ತರ ಮಾತ್ರ ಬೇರೆ. “ನಿಂಗವ್ವಾಯಿ ಎಲ್ಲದಾಳ್ರಿ?” “ಈಗ ಇಲ್ಲಿದ್ಲು, ಅಲ್ಲಿಗೆ ಹೋದ್ಲು.” ಆಕೆಯ ಕಣ್ಣು ಹಿಂದೆ ಹಿಂದೆ ಹೋಗುವುದು. ಒಮ್ಮೆ, “ಆ ನೀಲಿ ಹುಡುಗೂರ ಜೋಡಿ ಭಾಳ ಬೆರ್ತಾಳಲ್ರಿ ಆಕಿ” ಎಂದಳು. ನಾನು ಹೌದೆಂದೆ. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಒಂದೇ ಒಂದು ಸುಳ್ಳನ್ನೂ ಆಕೆ ಹಿಡಿಯದೆ ಬಿಟ್ಟವಳಲ್ಲ. ಇದನ್ನು ಹಿಡಿಯಲಿಲ್ಲ.

ಬೇಸಿಗೆ ಮುಗಿಯುವ ಮುಂಚೆ ಕಸ್ತೂರಿ ಹೋದಳು. ಮುಖ ಇತ್ತಲೇ ಇತ್ತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಶಿವಪ್ಪ ಕಟ್ಟೆಯ ಮೇಲೆ ಕೂತು ಕೇಳಿದ, “ವೈನಿಗೆ ಗೊತ್ತಿತ್ತೇನ್ರಿ, ಅದು ಏಡಿ ಅಂತ?”

“ಇಲ್ಲೋ ಮಾರಾಯ. ಗೊತ್ತಿದ್ರ ನನ್ನ ಬಿಡ್ತಿದ್ಲೇನ?” ಎಂದೆ.

ಮುಂದೊಂದು ದಿನ ಅವನು ಮತ್ತೆ ಅದನ್ನೇ ಕೇಳಿದ. “ಗೊತ್ತಿರಲಾರದೇನ? ಮೊದಲ ದಿನಾನ ಗೊತ್ತಿತ್ತು” ಎಂದೆ, ಅಷ್ಟೇ ಖಚಿತವಾಗಿ. ಅವನು ನನ್ನ ಮುಖ ನೋಡಿ ಕಾಲು ಹಿಂದಕ್ಕೆ ಎಳೆದುಕೊಂಡ.

ಎರಡು ಉತ್ತರಗಳಲ್ಲಿ ಒಂದು ನಿಜವಿರಬೇಕು. ಯಾವುದು ಎಂದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ಜೊತೆಗಿದ್ದವಳನ್ನು ಕೇಳಿ ತಿಳಿಯಬಹುದಾಗಿತ್ತು, ಕೇಳಲಿಲ್ಲ.