ಒಂದೇ ಒಂದು ಪೀರಿಯಡ್ ಕೊಡಿ ಮಾಸ್ಟ್ರೇ

ಶಾಲೆಯ ಟೈಮ್‌ಟೇಬಲ್ಲಿನಲ್ಲಿ ಪಿ.ಟಿ. ಅಂತ ಬರೆದಿರುವ ಚೌಕವನ್ನು ಗಣಿತದ ಟೀಚರುಗಳು ಓದುವ ರೀತಿಯೇ ಬೇರೆ. ಮಿಕ್ಕವರಿಗೆ ಅದು ಆಟದ ಪೀರಿಯಡ್. ನಮಗೆ ಮಾತ್ರ ಅದು ಯಾರೋ ಪುಣ್ಯಾತ್ಮರು ನಮಗಾಗಿಯೇ ಖಾಲಿ ಬಿಟ್ಟಿರುವ ಜಾಗ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ ನಾನು ಆ ಚೌಕದಲ್ಲಿ ಡಸ್ಟರ್ ಇಟ್ಟು ಇಪ್ಪತ್ತೊಂದು ವರ್ಷ ಕಳೆದಿದ್ದೇನೆ. ಇದನ್ನು ತಪ್ಪೊಪ್ಪಿಗೆ ಅಂತ ಬೇಕಾದರೂ ಅಂದುಕೊಳ್ಳಿ. ಆಗೇನೋ ನನಗೆ ಅದು ಕರ್ತವ್ಯ ಅನಿಸುತ್ತಿತ್ತು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ನಾನು ಗುಬ್ಬಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ತುಮಕೂರಿನಲ್ಲಿ. ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಬೀಜಗಣಿತ. ನಮ್ಮ ಶಾಲೆಯ ಪಿ.ಟಿ. ಮಾಸ್ಟ್ರು ರಂಗಧಾಮಯ್ಯ ಅಂತ, ಕುಣಿಗಲ್ಲಿನವರು. ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯುವುದು, ವಾರ್ಷಿಕೋತ್ಸವಕ್ಕೆ ಕುರ್ಚಿ ಎಣಿಸಿ ಇಳಿಸಿಕೊಳ್ಳುವುದು, ಯಾವ ಮಗು ತಲೆಸುತ್ತಿ ಬಿದ್ದರೂ ಎತ್ತಿಕೊಂಡು ಆಸ್ಪತ್ರೆಗೆ ಓಡುವುದು, ಎಲ್ಲ ಅವರ ಕೆಲಸ. ಆಟ ಆಡಿಸುವುದೊಂದು ಬಿಟ್ಟು. ಯಾಕೆಂದರೆ ಆಟದ ಹೊತ್ತಿಗೆ ಸರಿಯಾಗಿ ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಾಸ್ಟ್ರೇ, ಒಂದೇ ಒಂದು ಪೀರಿಯಡ್ ಕೊಡಿ, ಪೋರ್ಷನ್ ಮುಗಿದಿಲ್ಲ" ಅನ್ನುತ್ತಿದ್ದೆ. ಅವರು ಕೈಯಲ್ಲಿದ್ದ ಸೀಟಿಯನ್ನು ಜೇಬಿಗೆ ಹಾಕಿಕೊಂಡು, "ತಗಳಿ ಮೇಡಂ, ಹುಡ್ರು ಎಲ್ಲಿದ್ರೇನು" ಅನ್ನುತ್ತಿದ್ದರು. ಒಂದು ಸಲವೂ ಇಲ್ಲ ಅನ್ನಲಿಲ್ಲ. ನನ್ನ ಪೋರ್ಷನ್ನೂ ಒಂದು ವರ್ಷವೂ ಸರಿಯಾದ ಹೊತ್ತಿಗೆ ಮುಗಿಯಲಿಲ್ಲ.

ಇಷ್ಟೆಲ್ಲ ಮಾಡಿದವಳ ಹೊಟ್ಟೆಯಲ್ಲಿ ಶಾಜಿಯಾ ಹುಟ್ಟಿದ್ದು ದೇವರ ತಮಾಷೆ ಇರಬೇಕು. ಈ ವರ್ಷ ಬಿ.ಎ. ಮುಗಿಸಿದಳು. ಮುಂದೇನು ಅಂತ ಕೇಳಿದ್ದಕ್ಕೆ ತಟ್ಟೆಯಿಂದ ತಲೆ ಎತ್ತದೆ, "ಬಿ.ಪಿ.ಎಡ್. ಮಾಡ್ತೀನಿ ಅಮ್ಮಿ" ಅಂದಳು. ಬಿ.ಎಡ್. ಅಂದಿರಬೇಕು, ಬಾಯಲ್ಲಿ ಅನ್ನ ಇದ್ದದ್ದರಿಂದ ನಡುವೆ ಒಂದು ಅಕ್ಷರ ಸೇರಿಕೊಂಡಿದೆ ಅಂತ ನಾನು ಸಮಾಧಾನ ಮಾಡಿಕೊಂಡೆ. ಅವಳು ಅನ್ನ ನುಂಗಿ ಮತ್ತೆ ಅದನ್ನೇ ಹೇಳಿದಳು. "ಪಿ.ಟಿ. ಟೀಚರಾ?" ಅಂದೆ. ನಾನು ಅದನ್ನು ಎಂಥ ದನಿಯಲ್ಲಿ ಹೇಳಿರಬೇಕು ಅಂದರೆ, ಮಿಕ್ಸಿ ರಿಪೇರಿ ಮಾಡುತ್ತಾ ಕೂತಿದ್ದ ನಮ್ಮ ಮನೆಯವರು ಸ್ಕ್ರೂ ಡ್ರೈವರ್ ಕೆಳಗಿಟ್ಟರು. "ಬರೀ ಓಡಿಸೋದಲ್ಲ ಅಮ್ಮಿ. ಅನಾಟಮಿ ಇರುತ್ತೆ, ಪೌಷ್ಟಿಕ ಆಹಾರ ಇರುತ್ತೆ, ಫಸ್ಟ್ ಏಡ್ ಇರುತ್ತೆ, ಬಯೋಮೆಕ್ಯಾನಿಕ್ಸ್ ಇರುತ್ತೆ" ಅಂದಳು. ನಾನು ಸ್ವಲ್ಪ ಮೆತ್ತಗಾಗಿ, ಬಯೋಮೆಕ್ಯಾನಿಕ್ಸಿನಲ್ಲಿ ಗಣಿತ ಬರುತ್ತದಾ ಅಂತ ಕೇಳಿದೆ. ಸ್ವಲ್ಪ ಬರುತ್ತೆ ಅಂದಳು. ಆ ಸ್ವಲ್ಪವನ್ನೇ ಹಿಡಿದುಕೊಂಡು ಒಪ್ಪಿದೆ.

ಒಪ್ಪಿದ ಮೇಲೆ ಕಾಲೇಜು ಹುಡುಕಬೇಕಲ್ಲ. ತರಿಸಿಕೊಂಡ ಪುಸ್ತಿಕೆಗಳಲ್ಲೆಲ್ಲ ಮುಖಪುಟಕ್ಕೆ ಒಂದು ನೀಲಿ ಈಜುಕೊಳ. ಒಂದು ಖಾಸಗಿ ಕಾಲೇಜಿಗೆ ಹೋಗಿ ನೋಡಿಯೇ ಬಂದೆವು. ಈಜುಕೊಳ ಎಲ್ಲಿ ಅಂತ ಕೇಳಿದರೆ ಆಫೀಸಿನವರು ಕಿಟಕಿಯಿಂದಾಚೆ ಕೈ ತೋರಿಸಿದರು. ಅಲ್ಲಿ ಎರಡು ಎಮ್ಮೆ ಮೇಯುತ್ತಿದ್ದವು. ಮುಂದಿನ ವರ್ಷ ಬರುತ್ತದಂತೆ. ಫೀಸಿನ ಅಂಕಿಯನ್ನು ನಾನು ಎರಡು ಸಲ ಓದಿದೆ. ಸೊನ್ನೆಗಳು ಎರಡು ಸಲವೂ ಅಷ್ಟೇ ಇದ್ದವು. ನನ್ನ ಸಂಬಳವೂ ಮನೆಯವರ ಮಿಕ್ಸಿ ರಿಪೇರಿ ಅಂಗಡಿಯೂ ಸೇರಿದರೂ ಅಲ್ಲಿಗೆ ಮುಟ್ಟುವ ಹಾಗಿರಲಿಲ್ಲ. ನಮ್ಮಂಥವರಿಗೆ ಕೈಗೆಟುಕುವುದು ಯೂನಿವರ್ಸಿಟಿಯ ಸೀಟು ಮಾತ್ರ, ಅದು ಹೇಗೆ ಸಿಗುತ್ತದೆ ಅಂತ ತಿಳಿದವರನ್ನು ಕೇಳಬೇಕಿತ್ತು. ತಿಳಿದವರು ಅಂತ ನನಗೆ ಗೊತ್ತಿದ್ದವರು ಒಬ್ಬರೇ. ನಿವೃತ್ತರಾಗಿ ಕುಣಿಗಲ್ಲಿನಲ್ಲಿದ್ದ ರಂಗಧಾಮಯ್ಯ ಮಾಸ್ಟ್ರು. ಶಾಜಿಯಾ ಹೋಗೋಣ ಅಂದಾಗ ನಾನು ಎರಡು ಭಾನುವಾರ ತಲೆನೋವು ಬರಿಸಿಕೊಂಡೆ.

ಅದಕ್ಕೆ ಕಾರಣ ಇತ್ತು. ಶಾಜಿಯಾ ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ನನ್ನ ಕಣ್ಣು ತಪ್ಪಿಸಿ, ಊಟದ ಬಿಡುವಿನಲ್ಲಿ ಖೋಖೋ ಕಲಿತಿದ್ದಳು. ನಮ್ಮ ಹುಡುಗಿಯರು ತಾಲ್ಲೂಕಿಗೆ ಮೊದಲು ಬಂದರು, ಜಿಲ್ಲಾ ಮಟ್ಟಕ್ಕೆ ತುಮಕೂರಿಗೆ ಹೋಗಬೇಕಿತ್ತು. ಅದೇ ದಿನ ಅವಳ ಕ್ಲಾಸಿಗೆ ನನ್ನ ಟೆಸ್ಟು. ಮಾಸ್ಟ್ರು ಅವತ್ತು ಸ್ಟಾಫ್ ರೂಮಿನ ಬಾಗಿಲಲ್ಲಿ, ನಾನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, "ಮೇಡಂ, ಒಂದೇ ಒಂದು ದಿನ ಕೊಡಿ. ಟೀಮಲ್ಲಿ ಆ ಮಗೀನಂಗೆ ಓಡೋರು ಇನ್ಯಾರೂ ಇಲ್ಲ" ಅಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. ಆಗುವುದಿಲ್ಲ ಮಾಸ್ಟ್ರೇ, ಪೋರ್ಷನ್ ಮುಗಿದಿಲ್ಲ ಅಂದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ನಾನೇ ಕಳಿಸಲಿಲ್ಲ ಅಂತ ಗೊತ್ತಾದರೆ ಮಗಳು ಮನೆಯಲ್ಲಿ ರಂಪ ಮಾಡುತ್ತಾಳೆಂದು, ಟೀಮಿನಲ್ಲಿ ನಿನ್ನ ಹೆಸರಿಲ್ಲ ಅಂತ ನೀವೇ ಅವಳಿಗೆ ಹೇಳಿಬಿಡಿ ಅಂತಲೂ ಅವರನ್ನು ಕೇಳಿಕೊಂಡೆ. ಅವರು ಹಾಗೇ ಹೇಳಿದರು. ಟೀಮು ಜಿಲ್ಲೆಗೆ ಎರಡನೆಯದಾಗಿ ಬಂತು. ಶಾಜಿಯಾ ನನ್ನ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು ತೆಗೆದಳು. ಆಮೇಲೆ ಅವಳು ಶಾಲೆಯಲ್ಲಿ ಖೋಖೋ ಆಡಿದ್ದನ್ನು ನಾನು ನೋಡಲಿಲ್ಲ.

ಮೂರನೆಯ ಭಾನುವಾರ ತಲೆನೋವು ಕೈಕೊಟ್ಟಿತು, ಹೋದೆವು. ಮಾಸ್ಟ್ರ ಮಂಡಿ ಸವೆದಿತ್ತು, ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದರು. ವಿಷಯ ಕೇಳಿ ಅವರಿಗಾದ ಖುಷಿಯನ್ನು ನೋಡುವುದಕ್ಕೇ ನನಗೆ ಕಷ್ಟವಾಯಿತು. "ಯೂನಿವರ್ಸಿಟಿ ಸೀಟಿಗೇ ಹಾಕಮ್ಮಾ, ಫೀಸು ಕಮ್ಮಿ. ಡಿಗ್ರಿ ಮಾರ್ಕ್ಸ್ ನೋಡ್ತಾರೆ, ಓಡಿಸ್ತಾರೆ, ಎಗರಿಸ್ತಾರೆ. ಆಮೇಲೆ ಆಟದ ಸರ್ಟಿಫಿಕೇಟಿಗೂ ಮಾರ್ಕ್ಸ್ ಕೊಡ್ತಾರೆ. ಜಿಲ್ಲಾ ಮಟ್ಟದ್ದು ಒಂದಿದ್ರೆ..." ಅಂದವರು ಅಲ್ಲಿಗೇ ನಿಲ್ಲಿಸಿದರು.

"ಜಿಲ್ಲೆಗೆ ನನ್ನ ತಗೊಳ್ಳಲಿಲ್ವಲ್ಲ ಸಾರ್" ಅಂದಳು ಶಾಜಿಯಾ. ದೂರುವ ದನಿಯಲ್ಲೇನೂ ಅಲ್ಲ. "ಆಗ ನಾನು ಅಷ್ಟು ಚೆನ್ನಾಗಿ ಆಡ್ತಿರಲಿಲ್ಲ ಅನ್ಸುತ್ತೆ."

ಮಾಸ್ಟ್ರು ನನ್ನ ಕಡೆ ನೋಡಲಿಲ್ಲ. "ನಂದೇ ತಪ್ಪು ಕಣಮ್ಮಾ. ಅವತ್ತು ನನ್ನ ಕಣ್ಣಿಗೆ ಸರಿಯಾಗಿ ಕಾಣ್ಲಿಲ್ಲ" ಅಂದರು. ಆಮೇಲೆ ಕಾಫಿ ಬಂತು.

ವಾಪಸು ಬರುವಾಗ ಬಸ್ಸು ಹೆಬ್ಬೂರು ದಾಟಿದ ಮೇಲೆ ಹೇಳಿಬಿಟ್ಟೆ. ನಡೆದದ್ದನ್ನೆಲ್ಲ ಹಂತಹಂತವಾಗಿ, ಪ್ರಮೇಯ ಸಾಧಿಸುವ ಹಾಗೆ ಹೇಳಿದೆ, ನನಗೆ ಬರುವುದೇ ಅಷ್ಟು. ಅವಳು ಕೂಗಾಡುತ್ತಾಳೆ ಅಂತ ಕಾದೆ, ಕೂಗಾಡಿದ್ದರೆ ಬೈದು ಸುಮ್ಮನಾಗಿಸುವ ಅಭ್ಯಾಸವಾದರೂ ನನಗಿತ್ತು. ಕೊನೆಗೆ, "ಹಂಗಾದ್ರೆ ನಾನು ಚೆನ್ನಾಗಿ ಆಡ್ತಿದ್ನಾ?" ಅಂದಳು. ನಿನ್ನ ಹಾಗೆ ಓಡೋರು ಇನ್ಯಾರೂ ಇಲ್ಲ ಅಂದಿದ್ದರು ಮಾಸ್ಟ್ರು ಅಂದೆ. "ಅಷ್ಟಾದ್ರೂ ಹೇಳ್ಬಾರ್ದಿತ್ತಾ ಅಮ್ಮಿ. ಏಳು ವರ್ಷ" ಅಂದು ಕಿಟಕಿ ಕಡೆ ತಿರುಗಿ ಕೂತಳು. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅಳುವುದಕ್ಕೂ ಹಕ್ಕಿಲ್ಲ ಅನಿಸಿ, ಟಿಕೆಟ್ಟನ್ನು ಮಡಚುತ್ತಾ ಬಿಚ್ಚುತ್ತಾ ಕೂತೆ.

ಅರ್ಜಿ ಹಾಕಿದಳು, ಓಡಿದಳು, ಎಗರಿದಳು. ಪಟ್ಟಿಯಲ್ಲಿ ಹೆಸರು ಬರಲಿಲ್ಲ, ಸ್ವಲ್ಪದರಲ್ಲಿ ತಪ್ಪಿತ್ತು. ಗಣಿತದವಳಲ್ಲವೇ, ಒಂದು ಜಿಲ್ಲಾ ಸರ್ಟಿಫಿಕೇಟಿನ ಅಂಕ ಸೇರಿಸಿ ಕೂಡಿ ನೋಡಿದೆ. ಸೀಟು ಸಿಗುತ್ತಿತ್ತು. ಉತ್ತರ ತಪ್ಪಾಗಿರಲಿ ಅಂತ ಬೇಡಿಕೊಂಡು ನಾನು ಮಾಡಿದ ಲೆಕ್ಕ ಅದೊಂದೇ. ಮೂರು ಸಲ ಮಾಡಿದೆ, ಸರಿಯಾಗೇ ಇತ್ತು.

ಮುಂದಿನ ವರ್ಷ ಮತ್ತೆ ಹಾಕುತ್ತಾಳಂತೆ. ಅಲ್ಲಿಯವರೆಗೆ ನಮ್ಮ ಶಾಲೆಯಲ್ಲೇ ಪಿ.ಟಿ. ನೋಡಿಕೊಳ್ಳುತ್ತಿದ್ದಾಳೆ. ಮಾಸ್ಟ್ರು ನಿವೃತ್ತರಾದ ಮೇಲೆ ಆ ಜಾಗ ಖಾಲಿಯೇ ಇತ್ತು, ಅದಕ್ಕೆ ಯಾರಾದರೂ ಬೇಕು ಅಂತ ಯಾರಿಗೂ ಅನಿಸಿರಲಿಲ್ಲ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಗುಬ್ಬಿಗೆ ಹೋಗುತ್ತೇವೆ. ಅವಳು ಈಗ ನನ್ನ ಪಕ್ಕ ಕೂರುವುದಿಲ್ಲ, ಮುಂದಿನ ಸೀಟಿನಲ್ಲಿ ಕೂರುತ್ತಾಳೆ.

ಮೊನ್ನೆ ಹತ್ತನೇ ಕ್ಲಾಸಿಗೆ ತ್ರಿಕೋನಮಿತಿ ಅರ್ಧಕ್ಕೆ ನಿಂತಿತ್ತು. ಮುಂದಿನದು ಪಿ.ಟಿ. ಕಾಲಿಗೆ ಇಪ್ಪತ್ತೊಂದು ವರ್ಷದ ಅಭ್ಯಾಸ, ಡಸ್ಟರ್ ಹಿಡಿದುಕೊಂಡು ತಾನಾಗಿ ಮೈದಾನಕ್ಕೆ ನಡೆಯಿತು. ಶಾಜಿಯಾ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದಳು. ಹುಡುಗಿಯರು ಖೋಖೋಗೆ ಸಾಲಾಗಿ ಕೂತಿದ್ದರು. ನನ್ನನ್ನು ಕಂಡದ್ದೇ ಅವರು ಎದ್ದು, ಲಂಗದ ಮಣ್ಣು ಕೊಡವಿಕೊಂಡು, ಏನೂ ಕೇಳದೆ ಕ್ಲಾಸಿನ ಕಡೆ ಹೊರಟರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಶಾಜಿಯಾ ಸೀಟಿ ಊದಿ ಅವರನ್ನು ನಿಲ್ಲಿಸಿದಳು. ನನ್ನ ಕೈಯ ಡಸ್ಟರ್ ನೋಡಿದಳು.

"ಆಗಲ್ಲ ಮಿಸ್" ಅಂದಳು, "ಪೋರ್ಷನ್ ಮುಗಿದಿಲ್ಲ."

ನಾನು ಖಾಲಿ ಕ್ಲಾಸಿಗೆ ಬಂದು ಕೂತೆ. ಬೋರ್ಡಿನ ಮೇಲೆ ಅರ್ಧ ಬಿಡಿಸಿದ ಲೆಕ್ಕ ಹಾಗೇ ಇತ್ತು. ಅಂಥ ಅವಸರದ್ದೇನಲ್ಲ, ನಾಳೆ ಮಾಡಿದರೂ ನಡೆಯುತ್ತಿತ್ತು.