ಕಣ್ಣಿದ್ದ ರೊಟ್ಟಿ

ಮುಪ್ಪಿನಲ್ಲಿ ಮನುಷ್ಯನಿಗೆ ಅಂಟಿಕೊಳ್ಳುವ ರೋಗಗಳಲ್ಲಿ ಮಂಡಿನೋವಿಗೆ ಎಣ್ಣೆಯಿದೆ, ಸಕ್ಕರೆ ಕಾಯಿಲೆಗೆ ಗುಳಿಗೆಯಿದೆ, ಕಣ್ಣಿನ ಪೊರೆಗೆ ಆಪರೇಷನ್ ಇದೆ. 'ಮನೆಯಲ್ಲಿ ನಾನೂ ಏನಾದರೂ ಉಪಯೋಗಕ್ಕೆ ಬರಬೇಕು' ಎಂಬ ರೋಗಕ್ಕೆ ಮಾತ್ರ, ನನಗೆ ತಿಳಿದ ಮಟ್ಟಿಗೆ, ಯಾವ ದವಾಖಾನೆಯಲ್ಲೂ ಔಷಧವಿಲ್ಲ. ಅದು ನನಗೆ ತಗುಲಿದ್ದು ಕಮರಿಪೇಟೆಯ ನನ್ನ ಟೇಲರಿಂಗ್ ಅಂಗಡಿ ಮುಚ್ಚಿ, ಬೈರಿದೇವರಕೊಪ್ಪದಲ್ಲಿ ಮಗ ಕಟ್ಟಿಸಿದ ಮನೆಗೆ ಬಂದು ಕುಳಿತ ಮೇಲೆ. ಹೈಸ್ಕೂಲು ಮುಗಿಸಿದ ವರ್ಷವೇ ಕತ್ತರಿ ಹಿಡಿದವನು ನಾನು. ಹುಬ್ಬಳ್ಳಿಯ ಎಷ್ಟೋ ಗಣ್ಯರ ಸೊಂಟದ ಸುತ್ತಳತೆ ನನಗೆ ಬಾಯಿಪಾಠವಿತ್ತು. ಅಂಥವನು ಬೆಳಗ್ಗೆ ಪೇಪರ್ ಓದಿ, ಮಧ್ಯಾಹ್ನ ಅದೇ ಪೇಪರನ್ನು ಮತ್ತೊಮ್ಮೆ ಓದಿ ಎಷ್ಟು ದಿನ ಕೂತಾನು? ಮನೆಯ ಪರದೆಗಳ ಅಂಚು ಬಿಚ್ಚಿ ಹೊಸದಾಗಿ ಹೊಲಿದೆ. ದಿಂಬುಗಳಿಗೆಲ್ಲ ಜೇಬು ಇಟ್ಟೆ. ಹೆಂಡತಿ ಗಂಗವ್ವ, "ಇನ್ನ ನನ್ನ ಸೀರಿಗೆ ಕೈ ಹಚ್ಚಬ್ಯಾಡ್ರಿ ಮತ್ತ," ಎಂದು ಟ್ರಂಕಿಗೆ ಕೀಲಿ ಹಾಕಿಕೊಂಡಳು. ಆಗ ನನ್ನ ಕಣ್ಣು ಬಿದ್ದದ್ದು ಮೊಮ್ಮಗಳ ಊಟದ ಡಬ್ಬಿಯ ಮೇಲೆ.

ಆ ವರ್ಷ ನಮ್ಮ ಸೊಸೆ ಸುಜಾತಾಳಿಗೆ ನೌಕರಿ ಸಿಕ್ಕಿತ್ತು. ಮದುವೆಗೆ ಮುಂಚೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿದ್ದ ಹುಡುಗಿ. ಮಗಳು ಅಂಕಿತಾ ಹುಟ್ಟಿದ ಮೇಲೆ ಆ ಸರ್ಟಿಫಿಕೇಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ಈಗ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಬೆಳಗಿನ ಡ್ಯೂಟಿ. ಜನ ಉಪವಾಸವಿದ್ದು ರಕ್ತ ಕೊಡಲು ಬರುವ ಹೊತ್ತಿಗೆ ಈಕೆ ಸೂಜಿ ಹಿಡಿದು ನಿಂತಿರಬೇಕು. ಅಂದರೆ ಯು.ಕೆ.ಜಿ.ಗೆ ಹೋಗುವ ಮಗಳ ಡಬ್ಬಿ ಕಟ್ಟಲು ಮನೆಯಲ್ಲಿರುವುದಿಲ್ಲ. ಮಗ ರೈಲ್ವೆಯವನು, ಅವನ ಶಿಫ್ಟು ಅವನಿಗೇ ನೆನಪಿರುವುದಿಲ್ಲ. "ಅಂಕಿತಾ ಉಣ್ಣಾಕ ಭಾಳ ಸತಾಸ್ತಾಳ್ರಿ ಮಾವಾರ. ಆಕಿ ಸಾಲ್ಯಾಗ ಹೊಟ್ಟಿ ಹಸ್ಕೊಂಡು ಕುಂಡರ್ತಾಳ ಅಂದ್ರ ನನಗ ಈ ನೌಕರಿ ಬ್ಯಾಡ," ಎಂದು ಸುಜಾತಾ ಹಿಂಜರಿದಳು. ನಾನು ಎದೆ ತಟ್ಟಿಕೊಂಡೆ. "ನೀ ಧೈರ್ಯಲೆ ಹೋಗವಾ. ಡಬ್ಬಿ ಜವಾಬ್ದಾರಿ ನಂದು. ದಿನಾ ನಿನಗ ಖಾಲಿ ಡಬ್ಬಿ ತೋರಸ್ತೇನಿ," ಎಂದೆ. ಈ ಮಾತನ್ನು ನಾನು ಅಕ್ಷರಶಃ ನಡೆಸಿಕೊಟ್ಟೆ. ತೊಂದರೆ ಬಂದದ್ದು ಅದರಿಂದಲೇ.

ಶಾಲೆ ಶುರುವಾದ ಮೊದಲ ವಾರ ಪಾಲಕರ ಸಭೆಗೆ ನಾನೇ ಹೋದೆ. ಮಕ್ಕಳ ಡಬ್ಬಿಯ ಊಟ ಆರೋಗ್ಯಕ್ಕೆ ಒಳ್ಳೆಯದಿರಬೇಕು, ನೋಡಲು ಮೋಜಾಗಿರಬೇಕು, ವಾರಕ್ಕೊಂದು ಥೀಮ್ ಇರುತ್ತದೆ ಎಂದು ಮಿಸ್ಸು ತಿಳಿಸಿ, ಜಪಾನಿನ ಡಬ್ಬಿಗಳ ಬಣ್ಣದ ಚಿತ್ರಗಳನ್ನು ತೋರಿಸಿದರು. ಅಲ್ಲಿ ಅದಕ್ಕೆ ಬೆಂಟೋ ಎನ್ನುತ್ತಾರಂತೆ. ಅನ್ನದ ಕರಡಿ ಮಲಗಿದೆ, ಅದಕ್ಕೆ ಆಮ್ಲೆಟ್ಟಿನ ಕಂಬಳಿ ಹೊದಿಸಿದ್ದಾರೆ, ಸುತ್ತ ಗಜ್ಜರಿಯ ಹೂವು. ಉಳಿದ ಪಾಲಕರ ಮುಖ ಬಾಡಿತು. ಪಕ್ಕದ ಹೆಣ್ಣುಮಗಳೊಬ್ಬಳು, "ನಮ್ಮನ್ಯಾಗ ಉಪ್ಪಿಟ್ಟು ಮಾಡೂದರಾಗನ ವ್ಯಾನ್ ಬಂದು ನಿಂತಿರ್ತೈತ್ರಿ," ಎಂದು ಗೊಣಗಿದಳು. ನನಗೆ ಮಾತ್ರ ಆ ಚಿತ್ರಗಳು ಬಾಂಬೆಯಿಂದ ಬಂದ ಹೊಸ ಡಿಸೈನ್ ಪುಸ್ತಕದಂತೆ ಕಂಡವು. ಕರಡಿಯ ಕಂಬಳಿಯ ಅಂಚು ಸರಿಯಾಗಿ ಕೂತಿಲ್ಲ ಎಂಬುದನ್ನೂ ಗಮನಿಸಿದೆ.

ಮನೆಗೆ ಬಂದವನೇ ಡಬ್ಬಿಯ ಒಳಗಿನ ಅಳತೆ ತೆಗೆದುಕೊಂಡೆ. ಕಾಗದದ ಮೇಲೆ ಚಿಟ್ಟೆಯ ಪ್ಯಾಟರ್ನ್ ಬರೆದು, ಸುತ್ತಲೂ ಸ್ವಲ್ಪ ಮಾರ್ಜಿನ್ ಬಿಟ್ಟು ಕತ್ತರಿಸಿಟ್ಟೆ. ಬೆಳಗಾಗುತ್ತಲೇ ಗಂಗವ್ವ ಹಂಚಿನ ಮುಂದೆ, ನಾನು ಕತ್ತರಿ ಹಿಡಿದು ಆಕೆಯ ಪಕ್ಕದಲ್ಲಿ. ಚಪಾತಿ ಟೆರಿಕಾಟ್ ಇದ್ದ ಹಾಗೆ, ಹೇಳಿದಂತೆ ಕೇಳುತ್ತದೆ. ಜೋಳದ ರೊಟ್ಟಿ ಗಂಜಿ ಹಾಕಿದ ಖಾದಿ. ಬಿಸಿ ಇರುವಾಗ ಬಾಗಿತು, ಆರಿದ ಮೇಲೆ ಮುರಿಯಿತು. ಹೀಗಾಗಿ ರೆಕ್ಕೆಗಳಿಗೆ ಚಪಾತಿ, ಮೈಗೆ ರೊಟ್ಟಿ, ಬಣ್ಣಕ್ಕೆ ಬೀಟ್‌ರೂಟಿನ ರಸ, ಕಣ್ಣಿಗೆ ಎರಡು ಕರಿಮೆಣಸು. ಕಣ್ಣಿಟ್ಟೊಡನೆ ಅದಕ್ಕೆ ಜೀವ ಬಂದುಬಿಟ್ಟಿತು. ಗಂಗವ್ವ ಲಟ್ಟಣಿಗೆ ಕೆಳಗಿಟ್ಟು ನೋಡಿದಳು.

"ಇದು ಉಣ್ಣೂದೇನ್ರಿ, ಉಟ್ಕೊಳ್ಳೂದೇನ್ರಿ?"

"ನಿನಗ ಫ್ಯಾಷನ್ ತಿಳ್ಯಾಂಗಿಲ್ಲ, ಸುಮ್ನಿರು."

"ನನ್ನ ಜಂಪರಿಗೆ ಒಂದು ಹುಕ್ಕು ಹಚ್ಚಿಕೊಡ್ರಿ ಅಂತ ಎಷ್ಟು ದಿನದಿಂದ ಬಡ್ಕೊಳ್ಳಾಕತ್ತೇನಿ. ರೊಟ್ಟಿಗೆ ರೆಕ್ಕಿ ಹಚ್ಚಾಕ ಟೈಮ್ ಐತಿ ನಿಮಗ."

ತೋಟದ ವಾರ ಮುಗಿದು ಪ್ರಾಣಿಗಳ ವಾರ ಬಂತು. ಮೊಸರನ್ನದ ಮೊಲ, ಚಪಾತಿಯ ಆನೆ. ಆನೆಯ ಸೊಂಡಿಲು ಮುಖಕ್ಕೆ ಅಂಟಲಿಲ್ಲ. ತುಪ್ಪ ಹಚ್ಚಿದೆ, ಬೆಲ್ಲದ ಪಾಕ ಹಚ್ಚಿದೆ, ಜಾರುತ್ತಲೇ ಇತ್ತು. ಕೊನೆಗೆ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ಸೊಂಡಿಲು ಕೂತ ಮೇಲೆ ದಾರ ಎಳೆದುಬಿಟ್ಟರಾಯಿತು ಎಂಬ ಲೆಕ್ಕ. ಅಷ್ಟರಲ್ಲಿ ಶಾಲೆಯ ವ್ಯಾನ್ ಹಾರ್ನ್ ಹೊಡೆಯಿತು, ಗಡಿಬಿಡಿಯಲ್ಲಿ ಮುಚ್ಚಳ ಹಾಕಿ ಕಳಿಸಿದೆ. ಮಧ್ಯಾಹ್ನ ಅಂಕಿತಾ ಅಳುತ್ತಾ ಬಂದಳು. "ಅಜ್ಜಾ, ಆನಿ ಒಳಗ ದಾರ ಇತ್ತು. ಜಗ್ಗಿದೆ. ಸೊಂಡಿ ಕಳಚಿ ಬಿತ್ತು." ಗಂಗವ್ವ ಒಳಗಿನಿಂದಲೇ, "ನಾಳೆ ಕಾಜಾ-ಗುಂಡಿ ಹಾಕಿ ಕಳಸ್ರಿ, ಬಿಚ್ಚಿ ಉಣ್ಲಿ," ಎಂದಳು. ನಾನು ಮೊಮ್ಮಗಳನ್ನು ಸಮಾಧಾನ ಮಾಡಿದೆ. ಆಕೆ ಅತ್ತದ್ದು ಬಾಯಿಗೆ ದಾರ ಸಿಕ್ಕಿದ್ದಕ್ಕಲ್ಲ, ಆನೆಗೆ ನೋವಾಯಿತು ಎಂದು. ಇದನ್ನು ಅಂದೇ ತಿಳಿದುಕೊಂಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಡಬ್ಬಿ ಮೊದಲ ದಿನದಿಂದಲೂ ತುಂಬಿಯೇ ಮನೆಗೆ ಬರುತ್ತಿತ್ತು. ಅಂಕಿತಾ ಚಿಟ್ಟೆಯ ರೆಕ್ಕೆಯ ತುದಿ ಸಹ ಮುರಿದಿರಲಿಲ್ಲ. "ಯಾಕವಾ ಉಂಡಿಲ್ಲ?" ಎಂದರೆ, "ಅದು ನನ್ನನ್ನ ನೋಡಾಕತ್ತಿತ್ತು ಅಜ್ಜಾ," ಎನ್ನುವಳು. ಅದರ ಹಿಂದೆಯೇ, "ಮಿಸ್ ಎಲ್ಲಾರಿಗೂ ತೋರ್ಸಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು," ಎನ್ನುವಳು. ಮೊದಲನೆಯ ಮಾತು ನನ್ನ ಕಿವಿಯ ಹೊರಗೇ ನಿಲ್ಲುತ್ತಿತ್ತು, ಎರಡನೆಯದು ನೇರ ಎದೆಗೆ ಇಳಿಯುತ್ತಿತ್ತು. ಇಷ್ಟು ವರ್ಷ ಎಷ್ಟೋ ಮದುವೆ ಗಂಡುಗಳಿಗೆ ಸೂಟು ಹೊಲಿದಿದ್ದೇನೆ, ಒಬ್ಬನಾದರೂ ಚಪ್ಪಾಳೆ ಹೊಡೆದಿರಲಿಲ್ಲ. ಮಗು ದಣಿದು ಮಲಗಿಬಿಟ್ಟಿದೆ ಎಂದುಕೊಳ್ಳುತ್ತಿದ್ದೆ. ಗಂಗವ್ವ ಒಳಕೋಣೆಯಲ್ಲಿ ನಿದ್ದೆಯಲ್ಲಿರುತ್ತಿದ್ದಳು. ಸುಜಾತಾ ಬರಲು ಇನ್ನೂ ಹೊತ್ತಿರುತ್ತಿತ್ತು. ಖಾಲಿ ಡಬ್ಬಿ ತೋರಿಸುತ್ತೇನೆಂದು ಮಾತು ಕೊಟ್ಟವನು ನಾನು. ಅನ್ನ ಚೆಲ್ಲುವುದು ಪಾಪ. ಮೊಲವೋ, ಬಹಳ ರುಚಿಯಾಗಿತ್ತು. ಹೀಗೆ ದಿನಾ ಮಧ್ಯಾಹ್ನ ಬಚ್ಚಲಿನ ಬಾಗಿಲ ಹಿಂದೆ ನಿಂತು ನನ್ನ ಕಲೆಯನ್ನು ನಾನೇ ತಿಂದು ಮುಗಿಸಿದೆ. ಸಂಜೆ ಸುಜಾತಾ ಖಾಲಿ ಡಬ್ಬಿ ತೆರೆದು ನೋಡಿ, "ನಿಮ್ಮ ಕೈಗುಣ ಭಾಳ ಛಲೋ ಐತ್ರಿ ಮಾವಾರ," ಎಂದಾಗ ತಲೆ ತಗ್ಗಿಸುತ್ತಿದ್ದೆ. ಆಕೆ ಅದನ್ನು ವಿನಯ ಎಂದುಕೊಂಡಳು.

ಒಂದು ಭಾನುವಾರ ಅಂಕಿತಾಳ ಯೂನಿಫಾರ್ಮಿನ ಸ್ಕರ್ಟು ಸೊಂಟದಿಂದ ಜಾರುತ್ತಿದೆ ಎಂದು ಮಿಷನ್ ಮುಂದೆ ಕೂತು ಒಳಗೆ ಹಿಡಿದು ಹೊಲಿದೆ. ರೆಡಿಮೇಡ್ ಬಟ್ಟೆ, ಅಳತೆ ತಿಳಿಯದವರ ಕೆಲಸ ಎಂದು ಬೈದೆ. ಕೂತ ಕೂತಲ್ಲೇ ನನ್ನ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡಿದೆ. ಒಗೆದಾಗ ಬಟ್ಟೆ ಕುಗ್ಗಿದೆ ಎಂದುಕೊಂಡೆ. ಒಂದು ಕಿರಿದಾದದ್ದು, ಒಂದು ಹಿರಿದಾದದ್ದು, ಎರಡೂ ಮಿಷನ್ನಿನ ಮೇಲೆ ಪಕ್ಕಪಕ್ಕದಲ್ಲೇ ಬಿದ್ದಿದ್ದವು. ಜೀವಮಾನವೆಲ್ಲ ಅಳತೆಯಲ್ಲೇ ಕಳೆದವನಿಗೆ ಅದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಿತು. ದಾರದ ಗಂಟನ್ನು ಬಟ್ಟೆಯ ಒಳಮೈಗೆ ತಳ್ಳುವ ಹಾಗೆ ಅದನ್ನೂ ಒಳಗೆ ತಳ್ಳಿದೆ.

ನಾಲ್ಕನೆಯ ಥೀಮ್ ಒಕ್ಕಲುತನ. ಅದೇ ವಾರ ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಕಡೆ ಆ ದಿನ ಮಣ್ಣಿನ ಜೋಡೆತ್ತು ತಂದು ದೇವರ ಜಗುಲಿಯ ಮೇಲಿಟ್ಟು ಪೂಜೆ ಮಾಡುತ್ತಾರೆ. ಹಿಂದಿನ ಸಂಜೆಯೇ ಕುಂಬಾರರ ಹೆಣ್ಣುಮಗಳು ಬಾಗಿಲಿಗೆ ತಂದು ಕೊಟ್ಟುಹೋಗಿದ್ದಳು. ಮುಟ್ಟಲು ಹೋದ ಅಂಕಿತಾಳಿಗೆ ಗಂಗವ್ವ, "ಎಂಜಲ ಕೈಲೆ ಮುಟ್ಟಬಾರದು, ಅದು ಬಸವಣ್ಣ. ನಮಸ್ಕಾರ ಮಾಡು," ಎಂದು ಹೇಳಿದ್ದು ನನಗೂ ಕೇಳಿಸಿತ್ತು. ಆದರೂ ಮರುದಿನ ಬೆಳಗ್ಗೆ ಜೋಳದ ಹಿಟ್ಟು ಕುದಿಸಿ ನಾದಿ ಎರಡು ಎತ್ತು ಮಾಡಿದೆ. ಗಜ್ಜರಿಯ ಕೋಡು, ಬೀನ್ಸಿನ ನೊಗ, ಕಾಲ ಕೆಳಗೆ ಮೆಂತ್ಯಪಲ್ಯದ ಹೊಲ. ಬೆನ್ನಿಗೆ ಟೊಮೆಟೊ ಸಿಪ್ಪೆಯ ಜೂಲು ಹೊದಿಸಿ, ಅದರ ಅಂಚಿಗೆ ಕತ್ತರಿಯಿಂದ ಅಲೆಅಲೆಯಾಗಿ ಡಿಸೈನ್ ಕೊಟ್ಟೆ. ಕರಿಮೆಣಸಿನ ಕಣ್ಣಿಟ್ಟಾಗ ಗಂಗವ್ವನೇ ಸೆರಗು ಸರಿಮಾಡಿಕೊಂಡು ಕೈ ಮುಗಿಯಲು ಹೋಗಿ, ಮತ್ತೆ ನೆನಪಾಗಿ ಬೈದಳು. ಅಂಥ ಎತ್ತುಗಳು.

ಅಮಾವಾಸ್ಯೆಯ ದಿನ ರಕ್ತ ಕೊಡಲು ಜನ ಬರುವುದು ಕಡಿಮೆ. ಸುಜಾತಾ ಬೇಗ ಮನೆಗೆ ಬಂದಿದ್ದಳು. ಅಂಕಿತಾ ಬಂದವಳೇ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮಣ್ಣೆತ್ತುಗಳ ಪಕ್ಕ ಇಟ್ಟು ಮುಚ್ಚಳ ತೆಗೆದಳು. ನನ್ನ ಎತ್ತುಗಳು ನಿಂತಲ್ಲೇ ನಿಂತಿದ್ದವು. ನೆತ್ತಿಯ ಮೇಲೆ ಶಾಲೆಯಂಗಳದ ದಾಸವಾಳ. ಮುಂದೆ ಅರ್ಧ ಬಿಸ್ಕೀಟು, ಚಕ್ಕುಲಿಯ ಚೂರು, ಯಾರದೋ ಇಡ್ಲಿಯ ತುಂಡು, ಒಂದು ದ್ರಾಕ್ಷಿ. ಇಡೀ ತರಗತಿ ಸೇರಿ ಪೂಜೆ ಮಾಡಿ ನೈವೇದ್ಯ ಹಿಡಿದಿತ್ತು.

"ಇವತ್ತ ಉಂಡಿಲ್ಲೇನ ನೀನು?" ಎಂದಳು ಸುಜಾತಾ.

"ದೇವ್ರನ್ನ ಯಾರರ ಉಣ್ತಾರೇನ ಮಮ್ಮಿ?"

"ಮತ್ತ ದಿನಾ ಪೂರಾ ಉಣ್ತಿದ್ಯಲ್ಲಾ?"

"ನಾ ಎಲ್ಲಿ ಉಣ್ತೇನಿ? ಅಜ್ಜ ಉಣ್ತಾನ. ಬಚ್ಚಲದಾಗ."

ಎತ್ತುಗಳು ನನ್ನನ್ನು ನೋಡಿದವು. ಮೊಮ್ಮಗಳ ಕಷ್ಟ ಆಗ ತಿಳಿಯಿತು. ಏನಾದರೂ ಹೇಳಲೇಬೇಕೆಂದು, "ಗೌರಿ ಹುಣ್ಣಿಮಿಗೆ ನೀ ಸಕ್ಕರಿ ಆನಿ, ಸಕ್ಕರಿ ಗಿಳಿ ಎಲ್ಲಾ ಕಟುಂ ಕಟುಂ ಅಂತ ತಿಂತಿಯಲ್ಲ, ಅವಕ್ಕೂ ಕಣ್ಣ ಇರ್ತಾವಲ್ಲ?" ಎಂದು ಆರು ವರ್ಷವೂ ತುಂಬದ ಮಗುವಿನ ಜೊತೆ ವಾದಕ್ಕಿಳಿದೆ. "ಅವು ಸಕ್ಕರಿ," ಎಂದಿತು ಮಗು. ವಾದ ಮುಗಿಯಿತು.

ಸುಜಾತಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮಗಳ ಸ್ಕರ್ಟಿನ ಸೊಂಟದಲ್ಲಿ ನಾನು ಹಾಕಿದ ಹೊಲಿಗೆಯನ್ನು ಬೆರಳಿನಿಂದ ಸವರಿ, "ಖಾಲಿ ಡಬ್ಬಿ ನೋಡಿ ನಾ ಆರಾಮ ನಿದ್ದಿ ಮಾಡತಿದ್ದೆ ಮಾವಾರ," ಎಂದಳು. ಡಬ್ಬಿಯ ಮುಚ್ಚಳ ಹಾಕಿ, "ನಾಳೆ ಹೋಗಿ ನೌಕರಿ ಬಿಡ್ತೇನಿ ಅಂತ ಹೇಳಿ ಬರ್ತೇನಿ," ಎಂದು ಒಳಗೆ ಹೋದಳು. ಆ ನೌಕರಿ ಸಿಕ್ಕ ದಿನ ಆಕೆ ಬೀರುವಿನಿಂದ ಸರ್ಟಿಫಿಕೇಟು ತೆಗೆದು, ಸೆರಗಿನಿಂದ ಒರೆಸಿ ನನ್ನ ಕಾಲಿನ ಬಳಿ ಇಟ್ಟು ನಮಸ್ಕಾರ ಮಾಡಿದ್ದಳು. ನಾನು ತಿಂದು ಮುಗಿಸಿದ ಹಿಂದಿನ ದಿನದ ಟ್ರ್ಯಾಕ್ಟರು, ಅದರ ಹಿಂದಿನ ವಾಹನಗಳ ವಾರದ ಬಸ್ಸು, ಆನೆ, ಮೊಲ ಎಲ್ಲವನ್ನೂ ಮನಸ್ಸಿನಲ್ಲೇ ಎಣಿಸಿದೆ. ಬಾಗಿಲಿಗೆ ಹೋಗಿ ನಿಂತೆ. "ತಪ್ಪಾತವಾ. ಚಪ್ಪಾಳಿ ಆಸೆಗೆ ಕೂಸಿನ ಹೊಟ್ಟಿ ನೋಡಲಿಲ್ಲ ನಾನು. ಒಂದು ವಾರ ಅವಕಾಶ ಕೊಡು," ಎಂದೆ. ಸೊಸೆಯ ಮುಂದೆ ತಪ್ಪಾಯಿತು ಎನ್ನುವ ಗಂಡಸರು ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಇರಲಿಲ್ಲ.

"ಈಗ ಖಾಲಿ ಡಬ್ಬಿ ನೋಡಿ ನಾ ಹೆಂಗ ನಂಬ್ಲಿ?" ಎಂದಳು ಸುಜಾತಾ. ಲ್ಯಾಬಿನವಳು, ಪುರಾವೆ ಕೇಳಿದಳು.

"ನಾ ಮಧ್ಯಾಹ್ನ ಮಲಗೂದು ಬಿಡ್ತೇನಿ," ಎಂದಳು ಗಂಗವ್ವ. "ಕೂಸು ಬಂದ ಕೂಡ್ಲೆ ಡಬ್ಬಿ ನಾ ತಗೀತೇನಿ. ಈ ಮನಷ್ಯಾನ ಕೈಯಾಗ ಕೊಡೂದಿಲ್ಲ."

ಮರುದಿನ ಬೆಳಗ್ಗೆ ಅಂಕಿತಾಳನ್ನು ಒಲೆಯ ಪಕ್ಕ ಕೂರಿಸಿಕೊಂಡು, ಇಷ್ಟು ದಿನ ಕೇಳದಿದ್ದ ಪ್ರಶ್ನೆ ಕೇಳಿದೆ. "ನಿನಗ ಏನು ಬೇಕವಾ?" ಆಕೆ ಯೋಚಿಸಿ, "ಕಣ್ಣ ಇಲ್ಲದ್ದು," ಎಂದಳು. ಗಂಗವ್ವ ಮೆತ್ತನೆಯ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಚಟ್ನಿ ಉದುರಿಸಿ, ಸುರುಳಿ ಸುತ್ತಿ ಇಟ್ಟಳು. ನನ್ನ ಕೈ ತಾನಾಗಿ ಕತ್ತರಿಯ ಕಡೆ ಹೋಯಿತು. ತುದಿಯಾದರೂ ನೇರ ಮಾಡೋಣ ಎಂದುಕೊಂಡೆ. "ಕೈ ತಗೀರಿ," ಎಂದಳು ಗಂಗವ್ವ. ತೆಗೆದೆ. ಥೀಮ್ ಏನು ಎಂದು ಮಿಸ್ಸು ಕೇಳಿದರೆ ಬೇಲಿಯ ಗೂಟ ಎಂದು ಹೇಳು ಅಂತ ಮೊಮ್ಮಗಳಿಗೆ ಕಲಿಸಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಶಾಲೆಯ ಕಂಪೌಂಡಿನ ಜಾಲರಿಯ ಹೊರಗೆ ಹೋಗಿ ನಿಂತೆ. ವಾಚ್‌ಮನ್, "ಯಾರನ್ನ ನೋಡ್ಬೇಕ್ರಿ ಕಾಕಾ?" ಎಂದ. "ರೊಟ್ಟಿ ನೋಡ್ಬೇಕಪಾ," ಎಂದೆ. ಅಂಕಿತಾ ಗಿಡದ ಕೆಳಗೆ ಕೂತು ಡಬ್ಬಿ ತೆರೆದಳು. ಯಾರೂ ಬಂದು ನೋಡಲಿಲ್ಲ, ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಪಕ್ಕದ ಹುಡುಗಿಯ ಜೊತೆ ಏನೋ ಜಗಳವಾಡುತ್ತಾ, ಸುರುಳಿಯನ್ನು ಒಮ್ಮೆಯೂ ನೋಡದೆ, ಕಚಕಚ ಕಚ್ಚಿ ತಿಂದು, ಬೆರಳು ನೆಕ್ಕಿ, ಸ್ಕರ್ಟಿಗೇ ಕೈ ಒರೆಸಿಕೊಂಡು ಓಡಿದಳು. ನನಗೆ ಕಣ್ಣು ತುಂಬಿ ಬಂತು. ಸಂತೋಷದಿಂದ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಸ್ವಲ್ಪ ಅವಮಾನವೂ ಆಗಿತ್ತು.

ಸುಜಾತಾ ನೌಕರಿ ಬಿಡಲಿಲ್ಲ. ಮಾತು ಕೊಟ್ಟ ವಾರ ಮುಗಿಯಿತು, ಮಳೆಗಾಲ ಮುಗಿಯಿತು, ನಾನು ಸ್ಕರ್ಟಿನ ಹೊಲಿಗೆಯನ್ನು ನನ್ನ ಕೈಯಾರೆ ಬಿಚ್ಚಿದೆ. ಈಗ ದಿನಾ ಬೆಳಗ್ಗೆ ದೇವರ ಮುಂದೆ ನಿಂತು, ಕೂಸು ಇವತ್ತೂ ಪೂರ್ತಿ ಉಂಡು ಬರಲಿ ಎಂದು ಮನಸಾರೆ ಬೇಡಿಕೊಳ್ಳುತ್ತೇನೆ. ಆದರೆ ಇಷ್ಟು ಹೇಳಿದವನು ಇದೊಂದನ್ನು ಮುಚ್ಚಿಡಬಾರದು. ಮಧ್ಯಾಹ್ನ ವ್ಯಾನಿನ ಸದ್ದು ಕೇಳಿದರೆ ಹೊಟ್ಟೆ ಇನ್ನೂ ಆಸೆಯಿಂದ ಎದ್ದು ಕೂರುತ್ತದೆ. ಗಂಗವ್ವ ಡಬ್ಬಿ ತೆಗೆದು, ಖಾಲಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಕುಕ್ಕರಿನ ಪಕ್ಕ ಇಟ್ಟು ಆಚೆ ಹೋಗುತ್ತಾಳೆ. ನಾನು ಹೋಗಿ ಮತ್ತೊಮ್ಮೆ ಮುಚ್ಚಳ ತೆಗೆಯುತ್ತೇನೆ. ಮೊನ್ನೆ ಹಿಂದಿನಿಂದ, "ಏನ್ ಹುಡಕಾಕತ್ತೀರಿ?" ಎಂಬ ಧ್ವನಿ ಬಂತು.

"ಏನಿಲ್ಲ. ಕೂಸು ಪೂರಾ ಉಂಡೈತೋ ಇಲ್ಲೋ ನೋಡಾಕತ್ತೇನಿ."

"ಉಂಡೈತಿ," ಎಂದಳು ಗಂಗವ್ವ. "ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತಿ."